ಮೈನಸ್ ಒಂದು ಬಂದ ಮೇಲೆ ಏನು?

ಪ್ರಶ್ನೆ: ನಾನು ಮಧ್ಯ ಕರ್ನಾಟಕದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಕಲಿಸುತ್ತೇನೆ. ಹೋದ ವರ್ಷ ನಮ್ಮ ಓಪನ್ ಸೋರ್ಸ್ ಕ್ಲಬ್ಬಿನಿಂದ ಎರಡು ದಿನದ ವರ್ಕ್‌ಶಾಪ್ ಮಾಡಿದೆವು. ಕ್ಲೌಡ್ ನಡೆಸೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಓಪನ್‌ಸ್ಟ್ಯಾಕ್‌ಗೆ ಕೋಡ್ ಕೊಡೋದು ಹೇಗೆ ಅನ್ನೋದು ವಿಷಯ. ಎಪ್ಪತ್ತು ಮಕ್ಕಳು ಬಂದಿದ್ದರು. ನಾಲ್ಕು ಜನ ಪ್ಯಾಚ್ (ಕೋಡ್‌ನ ತಿದ್ದುಪಡಿ) ಕಳಿಸಿದರು, ಒಂದೂ ಮರ್ಜ್ ಆಗಲಿಲ್ಲ, ಅಂದ್ರೆ ಮೂಲ ಕೋಡ್‌ಗೆ ಸೇರಲಿಲ್ಲ. ಈಗ ಯಾರೂ ಆ ಕಡೆ ತಲೆ ಹಾಕುತ್ತಿಲ್ಲ. ಗಿಟ್, ಪೈಥಾನ್ ಎಲ್ಲಾ ಚೆನ್ನಾಗೇ ಹೇಳಿಕೊಟ್ಟಿದ್ದೆವು. ಎಲ್ಲಿ ಎಡವಿದೆವು? ಈ ಸಲ ಇಂಟರ್ನಲ್ ಮಾರ್ಕ್ಸ್ ಕೊಟ್ಟರೆ ಮಕ್ಕಳು ಹಿಡಿದು ಮಾಡುತ್ತಾರಾ?

ಉತ್ತರ: ಮೇಡಂ, ಮೊದಲು ಒಂದು ಕೆಲಸ ಮಾಡಿ. ಆ ನಾಲ್ಕು ಪ್ಯಾಚ್‌ಗಳ ಪೇಜ್ ತೆಗೆದು ನೋಡಿ. ಪ್ಯಾಚ್‌ಗಳನ್ನ ರಿವ್ಯೂ ಮಾಡೋ ವೆಬ್‌ಸೈಟ್ ಗೆರಿಟ್‌ನಲ್ಲಿ ಅವು ಇನ್ನೂ ಇರುತ್ತವೆ, ಕೈಬಿಟ್ಟ ಪ್ಯಾಚ್ ಕೂಡ ಅಲ್ಲಿಂದ ಅಳಿಸಿ ಹೋಗುವುದಿಲ್ಲ. ಒಂದೆರಡರಲ್ಲಾದರೂ ಯಾರೋ ಪರದೇಶದವರು ಕೂತು ಓದಿ, ಎರಡು ಸಾಲು ಬರೆದು, −1 ಅನ್ನೋ ವೋಟ್ ಕೊಟ್ಟಿರುತ್ತಾರೆ ಅನ್ನೋದು ನನ್ನ ಊಹೆ. ಅದರ ಕೆಳಗೆ ನಿಮ್ಮ ಹುಡುಗರ ಉತ್ತರ ಇರುವುದಿಲ್ಲ. ಊಹೆ ತಪ್ಪಾಗಿದ್ದರೆ ಸಂತೋಷ. ಆದರೆ ನಾನು ಕಂಡ ಹೆಚ್ಚಿನ ಕಡೆ ಕಥೆ ನಿಂತಿದ್ದು ಅಲ್ಲೇ.

ನಾವು ಏನು ಮಾಡುತ್ತೇವೆ ಅಂದ್ರೆ ಪ್ಯಾಚ್ ಕಳಿಸೋವರೆಗೆ ಕಲಿಸುತ್ತೇವೆ. ಅಷ್ಟಕ್ಕೆ ಚಪ್ಪಾಳೆ, ಗ್ರೂಪ್ ಫೋಟೋ, ಸರ್ಟಿಫಿಕೇಟ್. ನಿಜವಾದ ಕೆಲಸ ಶುರುವಾಗೋದೇ ಕಳಿಸಿದ ಮೇಲೆ, ಅಷ್ಟೊತ್ತಿಗೆ ಕಲಿಸಿದವರು ಮನೆಗೆ ಹೋಗಿ ಆಗಿರುತ್ತದೆ. ನಾನೂ ಇದೇ ತಪ್ಪು ಮಾಡಿದ್ದೇನೆ, ಒಂದಲ್ಲ ಮೂರು ಸಲ.

ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಮೂರನೇ ವರ್ಷದ ವಿದ್ಯಾರ್ಥಿನಿ, ಪಿಯುಸಿವರೆಗೆ ಸರ್ಕಾರಿ ಕಾಲೇಜು. ಬಗ್ ತಾನೇ ಹುಡುಕಿದ್ದಳು, ಸರಿ ಮಾಡಿದ್ದಳು, ಟೆಸ್ಟ್ ಕೂಡ ಬರೆದಿದ್ದಳು. ಪ್ಯಾಚ್ ಕಳಿಸಿ ನಾಲ್ಕನೇ ದಿನ −1 ಬಂತು. ಆಮೇಲೆ ಮೂರು ವಾರ ಪತ್ತೆ ಇಲ್ಲ. ಫೋನ್ ಮಾಡಿ ಕೇಳಿದರೆ, 'ಸರ್, ಮೈನಸ್ ಬಂತು. ಫೇಲ್ ಆಯ್ತು ಅಂದ್ಕೊಂಡೆ' ಅಂದಳು. ಕಾಮೆಂಟ್ ಓದಿದ್ದೀಯಾ ಅಂದೆ. ಇಲ್ಲ, ಬಣ್ಣ ನೋಡಿ ಪೇಜ್ ಮುಚ್ಚಿಬಿಟ್ಟಿದ್ದಳಂತೆ. ಇಬ್ಬರೂ ಒಟ್ಟಿಗೆ ತೆಗೆದು ನೋಡಿದೆವು. ರಿವ್ಯೂ ಮಾಡಿದವರು ಬರೆದಿದ್ದು ಇಷ್ಟೇ: ಬದಲಾವಣೆ ಚೆನ್ನಾಗಿದೆ, ಬಳಸುವವರಿಗೆ ಇದು ಗೊತ್ತಾಗಬೇಕು, ಒಂದು ರಿಲೀಸ್ ನೋಟ್ ಸೇರಿಸಿ. ಅದಕ್ಕೆ ರೆನೊ ಅಂತ ಒಂದು ಟೂಲ್ ಇದೆ, ಕಮಾಂಡ್ ಕೊಟ್ಟರೆ ಒಂದು ಚಿಕ್ಕ ಯಾಮೆಲ್ ಫೈಲ್ ಮಾಡಿಕೊಡುತ್ತದೆ, ಅದರಲ್ಲಿ ಎರಡು ವಾಕ್ಯ ಬರೆಯಬೇಕು. ಹತ್ತು ನಿಮಿಷದ ಕೆಲಸ. ಮೂರು ವಾರ ಹೋಗಿತ್ತು.

ಇಲ್ಲಿ ಹುಡುಗಿಯ ತಪ್ಪು ಏನೂ ಇಲ್ಲ. ನಮ್ಮ ಮಕ್ಕಳು ನೆಗೆಟಿವ್ ಮಾರ್ಕಿಂಗ್ ಪರೀಕ್ಷೆ ಬರೆದು ಬರೆದು ಬಂದವರು. ಮೈನಸ್ ಅಂದ್ರೆ ಕಳೆದುಕೊಂಡಿದ್ದು, ಮುಗೀತು. ಗೆರಿಟ್‌ನ −1ಕ್ಕೆ ಆ ಅರ್ಥ ಇಲ್ಲ. 'ಇದಿಷ್ಟು ಮಾಡ್ಕೊಂಡು ಬಾ, ಆಮೇಲೆ ನೋಡೋಣ' ಅಂತ ಅದರ ಅರ್ಥ. ನನ್ನ ಲೆಕ್ಕದಲ್ಲಿ ಅದು ಒಳ್ಳೇ ಸುದ್ದಿ, ಯಾಕಂದ್ರೆ ಯಾರೋ ಓದಿದ್ದಾರೆ. ಕೆಟ್ಟದ್ದು ಯಾವುದು ಅಂದ್ರೆ ಯಾರೂ ಏನೂ ಹೇಳದೆ ಪ್ಯಾಚ್ ಹಾಗೇ ಬಿದ್ದಿರೋದು. ಇದನ್ನ ಮೊದಲ ದಿನವೇ ಹೇಳಿ. ಹೇಳಿದರೆ ಸಾಲದು, ತೋರಿಸಿ. ಯಾರಾದರೂ ಹಳಬರ, ಹೆಸರು ಮಾಡಿದ ಕೋರ್ ರಿವ್ಯೂವರ್ (ಪ್ಯಾಚನ್ನ ಒಪ್ಪೋ ಅಧಿಕಾರ ಇರೋರು) ಒಬ್ಬರ ಪ್ಯಾಚ್‌ಗಳನ್ನೇ ತೆಗೆದು ಪರದೆ ಮೇಲೆ ಹಾಕಿ. ಹನ್ನೆರಡು, ಹದಿನೈದು ಸಲ ತಿದ್ದಿದ ಪ್ಯಾಚ್‌ಗಳು ಹೇರಳವಾಗಿ ಸಿಗುತ್ತವೆ. ಅವರಿಗೇ ಇಷ್ಟು −1 ಬಿದ್ದಿದ್ದರೆ ನಮಗೆ ಬೀಳೋದರಲ್ಲಿ ಏನಾಶ್ಚರ್ಯ ಅಂತ ಮಕ್ಕಳಿಗೆ ತಾನೇ ಹೊಳೆಯುತ್ತದೆ.

ಇನ್ನೊಂದು ಗೊಂದಲ ಇದೆ. ಎರಡು ಥರದ −1 ಬರುತ್ತದೆ. ಒಂದು ಮನುಷ್ಯರದ್ದು, ಇನ್ನೊಂದು ಜೂಲ್ ಅನ್ನೋ ಯಂತ್ರದ್ದು. ಪ್ಯಾಚ್ ಬಂದ ಕೂಡಲೇ ಜೂಲ್ ಎಲ್ಲಾ ಟೆಸ್ಟ್ ಓಡಿಸಿ 'ವೆರಿಫೈಡ್' ಅನ್ನೋ ಕಡೆ ಪ್ಲಸ್ಸೋ ಮೈನಸ್ಸೋ ಹಾಕುತ್ತದೆ. ಹೊಸಬರಿಗೆ ಬರೋ ಮೊದಲ ಮೈನಸ್ ಹೆಚ್ಚಾಗಿ ಇದೇ. ಕಾರಣ ತೀರಾ ಸಣ್ಣದು, ಸಾಲು 79 ಅಕ್ಷರ ದಾಟಿತ್ತು ಅಂತಲೋ, ಕೊನೆಗೆ ಖಾಲಿ ಜಾಗ ಉಳಿದಿತ್ತು ಅಂತಲೋ. ಕಳಿಸೋ ಮುಂಚೆ ತಮ್ಮ ಮಿಷನ್‌ನಲ್ಲೇ ಟಾಕ್ಸ್ ಅನ್ನೋ ಟೂಲ್‌ನ ಪೆಪ್8 ಪರೀಕ್ಷೆ (ಕೋಡ್ ಬರೆದ ಶೈಲಿ ನೋಡೋದು) ಒಂದು ಓಡಿಸಿದ್ದರೆ ತಪ್ಪುತ್ತಿತ್ತು. ಕೆಲವು ಸಲ ಜೂಲ್ ಕಡೆಯೇ ಏನೋ ಕೈಕೊಟ್ಟು ಟೆಸ್ಟ್ ಬೀಳುತ್ತದೆ, ಆಗ 'ರೀಚೆಕ್' ಅಂತ ಕಾಮೆಂಟ್ ಹಾಕಿದರೆ ಮತ್ತೆ ಓಡುತ್ತದೆ. ಇದು ಗೊತ್ತಾದ ಹುಡುಗರು ಏನು ಮಾಡುತ್ತಾರೆ ಗೊತ್ತಲ್ಲ, ಲಾಗ್ ನೋಡದೆ ರೀಚೆಕ್, ಮತ್ತೆ ರೀಚೆಕ್, ಮತ್ತೆ ರೀಚೆಕ್, ದೇವಸ್ಥಾನದ ಗಂಟೆ ಹೊಡೆದ ಹಾಗೆ. ಒಂದೊಂದು ಸಲಕ್ಕೂ ಎಲ್ಲೋ ಹತ್ತಾರು ವರ್ಚುವಲ್ ಮಿಷನ್ ಗಂಟೆಗಟ್ಟಲೆ ಓಡುತ್ತವೆ. ಲಾಗ್ ಓದಿ, ಯಾವ ಟೆಸ್ಟ್ ಯಾಕೆ ಬಿತ್ತು ಅಂತ ಕಾರಣ ಬರೆದು ರೀಚೆಕ್ ಹಾಕಬೇಕು. ಅಲ್ಲಿನವರು ಇದನ್ನ ಗಮನಿಸುತ್ತಾರೆ.

ಈಗ ಎರಡು ದಿನದ ವರ್ಕ್‌ಶಾಪ್ ಬಗ್ಗೆ. ಓಪನ್‌ಸ್ಟ್ಯಾಕ್‌ನವರೇ ಇಂಥದ್ದು ಮಾಡುತ್ತಾ ಬಂದಿದ್ದಾರೆ. 2010ರಲ್ಲಿ ರ‍್ಯಾಕ್‌ಸ್ಪೇಸ್ ಮತ್ತು ನಾಸಾ ಸೇರಿ ಶುರು ಮಾಡಿದ ಪ್ರಾಜೆಕ್ಟ್ ಇದು, ಎರಡು ಮೂರು ವರ್ಷದಲ್ಲೇ ಕಂಪನಿಗಳಿಂದ ದಂಡುಗಟ್ಟಿ ಹೊಸಬರು ಬರತೊಡಗಿದರು. 2014ರ ಮೇ ತಿಂಗಳಲ್ಲಿ ಅಟ್ಲಾಂಟಾದಲ್ಲಿ ನಡೆದ ಓಪನ್‌ಸ್ಟ್ಯಾಕ್ ಸಮ್ಮೇಳನಕ್ಕೆ (ಸಮ್ಮಿಟ್) ಮುಂಚೆ ಅಪ್‌ಸ್ಟ್ರೀಮ್ ಟ್ರೈನಿಂಗ್ ಅಂತ ಮಾಡಿದರು, ಅದೇ ಮುಂದೆ ಅಪ್‌ಸ್ಟ್ರೀಮ್ ಇನ್‌ಸ್ಟಿಟ್ಯೂಟ್ ಅಂತ ಆಯಿತು. ನನಗೆ ಅದರಲ್ಲಿ ತುಂಬಾ ಇಷ್ಟವಾದ ಭಾಗ ಕೋಡ್‌ನದ್ದಲ್ಲ. ದೊಡ್ಡ ದೊಡ್ಡ ಇಂಜಿನಿಯರ್‌ಗಳನ್ನು ಕೂರಿಸಿಕೊಂಡು ಲೆಗೊ ಇಟ್ಟಿಗೆಯಲ್ಲಿ ಊರು ಕಟ್ಟಿಸುತ್ತಿದ್ದರು!

ನಾನು ಅದನ್ನ ನಮ್ಮ ಕಡೆಗೆ ಹೊಂದಿಸಿಕೊಂಡಿದ್ದೇನೆ. ಲೆಗೊ ದುಬಾರಿ, ಜಾತ್ರೆಯಲ್ಲಿ ಸಿಗೋ ಪ್ಲಾಸ್ಟಿಕ್ ಬ್ಲಾಕ್ ಮತ್ತು ಖಾಲಿ ಬೆಂಕಿಪೊಟ್ಟಣ ಸಾಕು. ಒಂದು ಮೇಜಿನ ಮೇಲೆ ಊರು. ನಾಲ್ಕು ಜನ ಗ್ರಾಮ ಪಂಚಾಯ್ತಿ, ಅವರ ಹತ್ತಿರ ಊರಿನ ನಕ್ಷೆ ಮತ್ತು ಒಂದಿಷ್ಟು ನಿಯಮ ಇರುತ್ತದೆ. ಉಳಿದವರು ಗುಂಪು ಗುಂಪು. ಒಂದು ಗುಂಪು ಶಾಲೆ ಕಟ್ಟಬೇಕು, ಒಂದು ಬಸ್ ಸ್ಟ್ಯಾಂಡು, ಇನ್ನೊಂದು ಪೆಟ್ರೋಲ್ ಬಂಕು. ಮೊದಲ ಸುತ್ತಿನಲ್ಲಿ ನಾನು ಏನೂ ಹೇಳುವುದಿಲ್ಲ, ಇಪ್ಪತ್ತು ನಿಮಿಷ ಕೊಡುತ್ತೇನೆ ಅಷ್ಟೇ. ಎಲ್ಲರೂ ತಮ್ಮ ತಮ್ಮ ಮೂಲೆಗೆ ಹೋಗಿ, ಬೆನ್ನು ತಿರುಗಿಸಿಕೊಂಡು, ಬೇರೆಯವರಿಗೆ ಕಾಣದ ಹಾಗೆ ಕಟ್ಟುತ್ತಾರೆ. ಪ್ರತಿ ಸಲವೂ ಹೀಗೇ ಆಗುತ್ತದೆ, ನೋಡೋಕೆ ತಮಾಷೆ. ಇಪ್ಪತ್ತು ನಿಮಿಷ ಆದ ಮೇಲೆ ಹೊತ್ತುಕೊಂಡು ಬರುತ್ತಾರೆ. ಬಸ್ ಸ್ಟ್ಯಾಂಡಿನ ಗೇಟು ಶಾಲೆಯ ಗೋಡೆಗೆ ಎದುರಾಗಿರುತ್ತದೆ. ರಸ್ತೆಯ ಅಗಲ ಒಬ್ಬರದ್ದು ಮೂರು ಬ್ಲಾಕು, ಇನ್ನೊಬ್ಬರದ್ದು ಐದು. ಬಂಕು ಶಾಲೆಗೆ ತಾಗಿಕೊಂಡೇ ಇರುತ್ತದೆ. ಪಂಚಾಯ್ತಿಯವರು ಬೇಡ ಅನ್ನುತ್ತಾರೆ. ಜಗಳ ಶುರು. 'ಅಷ್ಟು ಕಷ್ಟಪಟ್ಟು ಕಟ್ಟಿದ್ದೀವಿ ಸರ್, ಬೇಡ ಅಂದ್ರೆ ಹೇಗೆ?'

ಈ ಮಾತು ಬರಲಿ ಅಂತಲೇ ನಾನು ಕಾಯುತ್ತಿರುತ್ತೇನೆ. ಎರಡನೇ ಸುತ್ತಿಗೆ ಹೇಳೋದೇ ಬೇಕಾಗಿಲ್ಲ, ತಾವೇ ಹೋಗಿ ಪಂಚಾಯ್ತಿಯವರನ್ನ ಕೇಳುತ್ತಾರೆ, ರಸ್ತೆ ಎಷ್ಟು ಅಗಲ, ಗೇಟ್ ಯಾವ ಕಡೆ ಇಡೋಣ ಅಂತ. ಬರೀ ಅಡಿಪಾಯ ಹಾಕಿ ತಂದು ತೋರಿಸುತ್ತಾರೆ. ಒಬ್ಬ ಹುಡುಗನಂತೂ ತನ್ನ ಶಾಲೆ ಬಿಟ್ಟು, ಪಂಚಾಯ್ತಿಯವರು ಮಾಡೋಕೆ ಆಗದೆ ಒದ್ದಾಡುತ್ತಿದ್ದ ಚರಂಡಿ ಕಟ್ಟಿಕೊಟ್ಟ. ಆಮೇಲೆ ಅವನ ಶಾಲೆಯನ್ನ ಎಲ್ಲರಿಗಿಂತ ಮೊದಲು ಒಪ್ಪಿಕೊಂಡರು. ಇದರ ಮೇಲೆ ಪಾಠ ಮಾಡೋ ಅಗತ್ಯವೇ ಬರಲಿಲ್ಲ.

ಈ ಆಟಕ್ಕೆ ಎರಡು ಗಂಟೆ ಕೊಡಿ. ಅಷ್ಟು ಹೊತ್ತು ಗಿಟ್ ಕಲಿಸೋದು ಕಡಿಮೆಯಾದರೂ ಪರವಾಗಿಲ್ಲ, ಗಿಟ್ ಅವರು ಯೂಟ್ಯೂಬ್ ನೋಡಿ ಕಲಿಯುತ್ತಾರೆ.

ಗಿಟ್‌ನಲ್ಲಿ ಒಂದೇ ಒಂದು ವಿಷಯ ಮಾತ್ರ ನೀವು ಕೈಹಿಡಿದು ಕಲಿಸಬೇಕು. ಗಿಟ್‌ಹಬ್ ಅಭ್ಯಾಸ ಇರೋ ಹುಡುಗರು ರಿವ್ಯೂ ಬಂದ ಮೇಲೆ ತಿದ್ದಿದ್ದನ್ನ ಹೊಸ ಕಮಿಟ್ (ಗಿಟ್‌ನಲ್ಲಿ ಉಳಿಸಿಟ್ಟ ಒಂದು ಬದಲಾವಣೆ) ಆಗಿ ಹಾಕುತ್ತಾರೆ. ಗೆರಿಟ್‌ನಲ್ಲಿ ಒಂದು ಕಮಿಟ್ ಅಂದ್ರೆ ಒಂದು ಪ್ಯಾಚ್. ಕಮಿಟ್ ಮೆಸೇಜಿನ ಕೊನೆಯಲ್ಲಿ ಚೇಂಜ್-ಐಡಿ ಅಂತ ಒಂದು ಉದ್ದನೆಯ ಸಾಲು ಇರುತ್ತದೆ, ಅದನ್ನ ನೋಡಿಯೇ ಗೆರಿಟ್ 'ಇದು ಹಳೇ ಪ್ಯಾಚಿನ ಹೊಸ ರೂಪ' ಅಂತ ಗುರುತು ಹಿಡಿಯೋದು. ಹಾಗಾಗಿ ಅದೇ ಕಮಿಟ್ಟನ್ನ ಅಮೆಂಡ್ ಮಾಡಿ, ಅಂದ್ರೆ ಅದನ್ನೇ ತಿದ್ದಿ, ಆ ಸಾಲನ್ನ ಮುಟ್ಟದೆ, ಮತ್ತೆ ಗಿಟ್ ರಿವ್ಯೂ ಅನ್ನೋ ಕಮಾಂಡ್ ಕೊಡಬೇಕು. ಹೊಸ ಕಮಿಟ್ ಮಾಡಿಕೊಂಡು ಬಂದರೆ ಗಿಟ್ ರಿವ್ಯೂ ಎಚ್ಚರಿಕೆ ಕೊಡುತ್ತದೆ, ಒಂದಕ್ಕಿಂತ ಜಾಸ್ತಿ ಕಮಿಟ್ ಕಳಿಸುತ್ತಿದ್ದೀಯ, ನಿಜವಾಗ್ಲೂ ಕಳಿಸಲಾ, 'ಎಸ್' ಅಂತ ಟೈಪ್ ಮಾಡು ಅಂತ. ನಮ್ಮವರು ಓದದೆ ಎಸ್ ಒತ್ತುತ್ತಾರೆ. ಅಲ್ಲಿಗೆ ಒಂದರ ಬಾಲಕ್ಕೆ ಇನ್ನೊಂದು ಪ್ಯಾಚ್, ರಿವ್ಯೂವರ್‌ಗೆ ತಲೆಬುಡ ಅರ್ಥ ಆಗೋದಿಲ್ಲ. ಇದನ್ನ ಅಭ್ಯಾಸ ಮಾಡೋಕೆ, ಓಪನ್‌ಸ್ಟ್ಯಾಕ್‌ನ ಕೋಡ್ ಇರೋ ಓಪನ್‌ಡೆವ್‌ನಲ್ಲಿ ಸ್ಯಾಂಡ್‌ಬಾಕ್ಸ್ ಅಂತಲೇ ಒಂದು ರೆಪೊ ಇಟ್ಟಿದ್ದಾರೆ. ಏನು ಬೇಕಾದರೂ ಕಳಿಸಬಹುದು, ಯಾರೂ ಬೈಯೋದಿಲ್ಲ. ಅಲ್ಲಿ ಪ್ರತಿಯೊಬ್ಬರೂ ಒಂದು ಪ್ಯಾಚ್ ಕಳಿಸಿ, ಪಕ್ಕದವರಿಂದ −1 ತೆಗೆದುಕೊಂಡು, ಮೂರು ಸಲ ಅಮೆಂಡ್ ಮಾಡಲಿ. ಮೂರನೇ ಸಲಕ್ಕೆ ಕೈಗೆ ಕೂತಿರುತ್ತದೆ, ಮೈನಸ್ ಕಂಡರೆ ಬೆಚ್ಚೋದೂ ನಿಂತಿರುತ್ತದೆ.

ಓಪನ್‌ಸ್ಟ್ಯಾಕನ್ನ ಒಂದೇ ಮಿಷನ್‌ನಲ್ಲಿ ಹಾಕಿಕೊಡೋ ಡೆವ್‌ಸ್ಟ್ಯಾಕ್ ಅನ್ನು ಮೊದಲ ದಿನಕ್ಕೆ ಇಡಲೇಬೇಡಿ. ಅದರ ಡಾಕ್ಯುಮೆಂಟೇಶನ್‌ನಲ್ಲಿ 15ರಿಂದ 30 ನಿಮಿಷ ಸಾಕು ಅಂತ ಬರೆದಿದೆ, ಅದು ಅವರ ಇಂಟರ್ನೆಟ್ಟಿಗೆ. ಒಂದು ಕಾಲೇಜಿನ ಲ್ಯಾಬಿನಲ್ಲಿ ಅರವತ್ತು ಮಿಷನ್‌ನಲ್ಲಿ ಒಟ್ಟಿಗೆ ಶುರು ಮಾಡಿಸಿದ್ದೆ, ಮಧ್ಯಾಹ್ನದ ಊಟದ ಹೊತ್ತಿಗೆ ಒಂದೂ ಎದ್ದಿರಲಿಲ್ಲ. 4 ಜಿಬಿ ರ‍್ಯಾಮ್ ಇದ್ದ ಮಿಷನ್‌ಗಳು ಅಲ್ಲೇ ಉಸಿರು ಬಿಟ್ಟಿದ್ದವು. ನನ್ನದೇ ತಪ್ಪು, ಮುಂಚೆ ಹೋಗಿ ನೋಡಿರಲಿಲ್ಲ. ಅದೂ ಅಲ್ಲದೆ ಅದು ಸಿಸ್ಟಮ್ಮನ್ನೇ ಸಾಕಷ್ಟು ಬದಲಾಯಿಸುತ್ತದೆ, ಹೊಸ ವರ್ಚುವಲ್ ಮಿಷನ್‌ನಲ್ಲೇ ಹಾಕಬೇಕು, ಮಕ್ಕಳ ಸ್ವಂತ ಲ್ಯಾಪ್‌ಟಾಪಿನ ಮೇಲೆ ನೇರವಾಗಿ ಬೇಡ. ಮೊದಲ ಪ್ಯಾಚಿಗೆ ಎಷ್ಟೋ ಸಲ ಡೆವ್‌ಸ್ಟ್ಯಾಕ್ ಬೇಕಾಗೋದೇ ಇಲ್ಲ, ಯೂನಿಟ್ ಟೆಸ್ಟ್ ಓಡಿದರೆ ಸಾಕು.

ಯಾವ ಬಗ್ ಕೊಡೋದು? ಬಗ್‌ಗಳ ಪಟ್ಟಿ ಇರೋ ಲಾಂಚ್‌ಪ್ಯಾಡ್‌ನಲ್ಲಿ ಹೊಸಬರಿಗೆ ಅಂತಲೇ 'ಲೋ ಹ್ಯಾಂಗಿಂಗ್ ಫ್ರೂಟ್' ಅನ್ನೋ ಟ್ಯಾಗ್ ಇದೆ. ಕೈಗೆಟುಕೋ ಹಣ್ಣು. ಆದರೆ ಎಷ್ಟೋ ಹಣ್ಣು ಯಾವಾಗಲೋ ಯಾರೋ ಕಿತ್ತುಕೊಂಡು ಹೋಗಿರುತ್ತಾರೆ, ಟ್ಯಾಗ್ ಮಾತ್ರ ನೇತಾಡುತ್ತಿರುತ್ತದೆ. ಇನ್ನು ಕೆಲವು ನೋಡೋಕೆ ಹಣ್ಣು, ಒಳಗೆ ಹಲಸಿನಕಾಯಿ, ಕೈಗೆಲ್ಲಾ ಅಂಟು. ಹಾಗಾಗಿ ಮಕ್ಕಳಿಗೆ ಕೊಡೋ ಮುಂಚೆ ನೀವೋ ನಿಮ್ಮ ಹಳೇ ವಿದ್ಯಾರ್ಥಿ ಒಬ್ಬರೋ ಕೂತು ಒಂದೊಂದನ್ನೂ ಈಗಲೂ ಇದೆಯಾ ಅಂತ ನೋಡಬೇಕು. ಇನ್ನೂ ಒಳ್ಳೇದು, ಆ ನೋಡೋ ಕೆಲಸವನ್ನೇ ಮಕ್ಕಳಿಗೆ ಕೊಡಿ. ಎರಡು ವರ್ಷದ ಹಿಂದಿನ ಬಗ್ ಒಂದನ್ನ ಈಗಿನ ಕೋಡ್‌ನಲ್ಲಿ ಮಾಡಿ ನೋಡಿ, 'ಇಂತಿಂಥ ಹೆಜ್ಜೆ ಇಟ್ಟರೆ ಈಗಲೂ ಬರುತ್ತದೆ' ಅಥವಾ 'ಬರುವುದಿಲ್ಲ' ಅಂತ ಬರೆದರೆ ಅದು ನಿಜವಾದ ಕೊಡುಗೆ. ಹಾಗೇ ಬೇರೆಯವರ ಪ್ಯಾಚ್ ಓದಿ +1, −1 ಕೊಡೋದು, ಅದಕ್ಕೆ ಯಾರ ಅಪ್ಪಣೆಯೂ ಬೇಡ, ಅಕೌಂಟ್ ಇದ್ದವರು ಯಾರು ಬೇಕಾದರೂ ಕೊಡಬಹುದು. +2 ಮಾತ್ರ ಕೋರ್‌ನವರ ಕೈಯಲ್ಲಿ. ಆದರೆ ಓದದೆ ಸುಮ್ನೆ +1 ಒತ್ತಬೇಡಿ ಅಂತ ಹೇಳಿ, 'ಈ ಟೆಸ್ಟ್‌ನಲ್ಲಿ ಖಾಲಿ ಲಿಸ್ಟ್ ಬಂದರೆ ಏನಾಗುತ್ತದೆ?' ಅಂತ ಒಂದು ಪ್ರಶ್ನೆ ಕೇಳಿದರೂ ಅದರ ಬೆಲೆ ಬೇರೆ.

ಅಪ್ಪಣೆ ಅಂದಾಗ ನೆನಪಾಯಿತು. ನಮ್ಮ ಮಕ್ಕಳು 'ರೆಸ್ಪೆಕ್ಟೆಡ್ ಸರ್, ಪ್ಲೀಸ್ ಅಸೈನ್ ದಿಸ್ ಬಗ್ ಟು ಮಿ' ಅಂತ ಬರೆದು, ಉತ್ತರಕ್ಕೆ ಕಾಯುತ್ತಾ ಕೂರುತ್ತಾರೆ. ಲಾಂಚ್‌ಪ್ಯಾಡ್‌ನಲ್ಲಿ ಬಗ್ಗನ್ನ ತಾವೇ ತಮ್ಮ ಹೆಸರಿಗೆ ಹಾಕಿಕೊಳ್ಳಬಹುದು. ಕೊಡೋಕೆ ಯಾರೂ ಸರ್ ಇಲ್ಲ ಅಲ್ಲಿ. ಆ ಕಡೆ ಇರೋದು ಮೇಡಮ್ಮೂ ಆಗಿರಬಹುದು. ಹೆಸರು ಹಿಡಿದು ಮಾತಾಡಿಸಿದರೆ ಯಾರೂ ತಪ್ಪು ತಿಳಿಯೋದಿಲ್ಲ. ಚಾಟ್‌ನಲ್ಲೂ ಹೀಗೇ. ಓಪನ್‌ಸ್ಟ್ಯಾಕ್‌ನವರು ಈಗಲೂ ಐಆರ್‌ಸಿ ಅನ್ನೋ ಹಳೇ ಚಾಟ್ ವ್ಯವಸ್ಥೆ ಬಳಸುತ್ತಾರೆ, 2021ರಿಂದ ಓಎಫ್‌ಟಿಸಿ ಅನ್ನೋ ನೆಟ್‌ವರ್ಕ್‌ನಲ್ಲಿ. ಹುಡುಗರು ಬೆಳಗ್ಗೆ ಹತ್ತು ಗಂಟೆಗೆ ಹೋಗಿ 'ಹಲೋ, ಎನಿಬಡಿ ದೇರ್' ಅಂತಾರೆ, ಐದು ನಿಮಿಷ ನೋಡಿ ಹೊರಟುಬಿಡುತ್ತಾರೆ. ಆ ಹೊತ್ತಿಗೆ ಅಮೆರಿಕದವರು ದಿನದ ಕೆಲಸ ಮುಗಿಸಿ ಎದ್ದುಹೋಗಿರುತ್ತಾರೆ, ಯುರೋಪಿನವರು ಎದ್ದೇ ಇರುವುದಿಲ್ಲ. ಅಲ್ಲಿ ಯುಟಿಸಿ (ವಿಶ್ವ ಸಮಯ) 16:00ಕ್ಕೆ ಮೀಟಿಂಗ್ ಅಂದ್ರೆ ನಮಗೆ ರಾತ್ರಿ ಒಂಬತ್ತೂವರೆ. ಪ್ರಶ್ನೆಯನ್ನ ಪೂರ್ತಿಯಾಗಿ ಬರೆಯಿರಿ, ಏನು ಮಾಡಿ ನೋಡಿದಿರಿ ಅಂತಲೂ ಬರೆಯಿರಿ, ಲಾಗೌಟ್ ಆಗಬೇಡಿ, ಸಂಜೆ ಬಂದು ನೋಡಿ ಅಂತ ಹೇಳಿಕೊಡಿ. ಚಾನೆಲ್ಲಿನ ಲಾಗ್ ವೆಬ್‌ನಲ್ಲಿ ಉಳಿದಿರುತ್ತದೆ, ಹೊರಗೆ ಹೋಗಿದ್ದರೂ ಅಲ್ಲಿ ಹುಡುಕಬಹುದು.

ಇಂಗ್ಲಿಷ್ ಭಯಕ್ಕೆ ನನಗೆ ಗೊತ್ತಿರೋ ಮದ್ದು ಒಂದೇ. ಏನು ಹೇಳಬೇಕು ಅಂತ ಮೊದಲು ಕನ್ನಡದಲ್ಲಿ ನನಗೆ ಹೇಳು ಅನ್ನುತ್ತೇನೆ. ಯಾಕೆ ಬದಲಾಯಿಸಿದೆ ಅನ್ನೋದು ಕನ್ನಡದಲ್ಲಿ ಸಲೀಸಾಗಿ ಬಂದರೆ ಇಂಗ್ಲಿಷ್‌ನಲ್ಲಿ ಮೂರು ಚಿಕ್ಕ ವಾಕ್ಯ ಕೂಡಿಸೋದು ಕಷ್ಟವಲ್ಲ. ಬಾರದೆ ಹೋದರೆ ತೊಂದರೆ ಇಂಗ್ಲಿಷ್‌ನದ್ದಲ್ಲ, ಬಗ್ ಏನು ಅಂತಲೇ ಅರ್ಥ ಆಗಿಲ್ಲ. ಈ ಎಐ ಚಾಟ್‌ಗಳಿಂದ ಬರೆಸಿಕೊಂಡು ಬರೋರಿಗೂ ಇದೇ ಪರೀಕ್ಷೆ. ಹಾಗೆ ಬರೆಸಿದ್ದರೆ ಅದನ್ನ ಕಮಿಟ್ ಮೆಸೇಜಿನಲ್ಲಿ ಹೇಳಬೇಕು ಅಂತ ಓಪನ್‌ಸ್ಟ್ಯಾಕ್ ಹಿಂದಿರೋ ಸಂಸ್ಥೆ ಓಪನ್‌ಇನ್‌ಫ್ರಾದವರ ನಿಯಮವೇ ಇದೆ. ರಿವ್ಯೂವರ್ ಒಂದು ಪ್ರಶ್ನೆ ಕೇಳಿದರೆ ತಾನೇ ಉತ್ತರ ಕೊಡೋ ಹಾಗಿರಬೇಕು, ಅಷ್ಟೇ.

ಮಾರ್ಕ್ಸ್ ವಿಷಯಕ್ಕೆ ಬರೋಣ. ಮರ್ಜ್ ಆದರೆ ಇಷ್ಟು ಅಂಕ ಅಂತ ದಯವಿಟ್ಟು ಇಡಬೇಡಿ. 2020ರ ಅಕ್ಟೋಬರ್‌ನಲ್ಲಿ, ಓಪನ್ ಸೋರ್ಸ್‌ಗೆ ಜನರನ್ನ ಸೆಳೆಯೋ ಹ್ಯಾಕ್ಟೋಬರ್‌ಫೆಸ್ಟ್ ಅನ್ನೋ ಕಾರ್ಯಕ್ರಮ ಏನಾಯಿತು ಅಂತ ನೆನಪಿರಬಹುದು. ನಾಲ್ಕು ಪುಲ್ ರಿಕ್ವೆಸ್ಟ್ (ಗಿಟ್‌ಹಬ್‌ನಲ್ಲಿ ಪ್ಯಾಚ್ ಕಳಿಸೋ ರೀತಿ) ಕಳಿಸಿದರೆ ಒಂದು ಟೀ ಶರ್ಟ್. ಜನ ರೀಡ್‌ಮಿ ಫೈಲ್‌ನಲ್ಲಿ ಒಂದು ಪದ ಸೇರಿಸಿ ಸೇರಿಸಿ ಕಳಿಸಿದರು, ಪ್ರಾಜೆಕ್ಟ್ ನಡೆಸೋರು ಬೇಸತ್ತು ಹೋದರು, ತಿಂಗಳ ಮೊದಲ ವಾರದಲ್ಲೇ ನಿಯಮ ಬದಲಾಯಿಸಿ, ನಮಗೆ ಬೇಕು ಅಂದ ಪ್ರಾಜೆಕ್ಟ್‌ಗಳಿಗೆ ಮಾತ್ರ ಅಂತ ಮಾಡಬೇಕಾಯಿತು. ಆ ಗುಂಪಿನಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳೂ ಇದ್ದರು. ಒಂದು ಟೀ ಶರ್ಟಿಗೇ ಇಷ್ಟಾದರೆ ಇಂಟರ್ನಲ್ಸ್‌ಗೆ ಏನಾಗಬಹುದು ಅಂತ ಯೋಚಿಸಿ. ಅದಕ್ಕಿಂತ ಮುಖ್ಯ, ಮರ್ಜ್ ಮಕ್ಕಳ ಕೈಯಲ್ಲಿಲ್ಲ. ಸಾಮಾನ್ಯವಾಗಿ ಇಬ್ಬರು ಕೋರ್‌ನವರು +2 ಕೊಡಬೇಕು, ಅವರಿಗೆ ಪುರುಸೊತ್ತು ಇರಬೇಕು. ಅಂಕ ಕೊಡಲೇಬೇಕು ಅಂದ್ರೆ ಅವರ ಕೈಯಲ್ಲಿರೋದಕ್ಕೆ ಕೊಡಿ: ಬಗ್ ಮತ್ತೆ ಬರೋ ಹಾಗೆ ಮಾಡಿ ತೋರಿಸಿದ್ದಕ್ಕೆ, ರಿವ್ಯೂ ಬಂದ ಎರಡು ದಿನದೊಳಗೆ ಉತ್ತರ ಬರೆದಿದ್ದಕ್ಕೆ, ಬೇರೆಯವರ ಪ್ಯಾಚಿನಲ್ಲಿ ಕೇಳಿದ ಒಳ್ಳೇ ಪ್ರಶ್ನೆಗೆ.

ಈ ಸಲ ಎಪ್ಪತ್ತು ಜನ ಬೇಡ, ಎಂಟು ಜನ ಸಾಕು. ಎರಡು ದಿನದ ಬದಲು ಎಂಟು ವಾರ, ವಾರಕ್ಕೆ ಒಂದು ಸಂಜೆ. ಆ ಸಂಜೆ ಪಾಠ ಇಲ್ಲ, ಒಬ್ಬೊಬ್ಬರ ಪ್ಯಾಚ್ ಪೇಜ್ ಪರದೆ ಮೇಲೆ, ಈ ವಾರ ಯಾರು ಏನು ಹೇಳಿದರು, ನೀನು ಏನು ಬರೀತೀಯ. ಒಂದು ವಾರ ಯಾರೂ ನೋಡದಿದ್ದರೆ ಚಾನೆಲ್‌ನಲ್ಲಿ ಮರ್ಯಾದೆಯಿಂದ ನೆನಪಿಸೋದು, ಅದನ್ನೂ ಅಲ್ಲೇ ಕೂತು ಬರೆಯೋದು. ಯಾವಾಗ ಶುರು ಮಾಡೋದು ಅನ್ನೋದನ್ನೂ ನೋಡಿಕೊಳ್ಳಿ. ಓಪನ್‌ಸ್ಟ್ಯಾಕ್ ಆರು ತಿಂಗಳಿಗೊಂದು ರಿಲೀಸ್, ಏಪ್ರಿಲ್ ಆಸುಪಾಸು ಒಂದು, ಅಕ್ಟೋಬರ್ ಆಸುಪಾಸು ಒಂದು. ಅದಕ್ಕೆ ಒಂದೂವರೆ ತಿಂಗಳು ಮುಂಚೆಯಿಂದ ಅಲ್ಲಿ ಎಲ್ಲರಿಗೂ ತಲೆ ತುರಿಸಿಕೊಳ್ಳೋಕೂ ಟೈಮ್ ಇರುವುದಿಲ್ಲ, ಹೊಸಬರ ಪ್ಯಾಚ್ ಮೂಲೆ ಸೇರುತ್ತದೆ. ರಿಲೀಸ್ ಆದ ಮುಂದಿನ ವಾರ ಶುರು ಮಾಡಿದರೆ ಒಳ್ಳೇದು, ಪರೀಕ್ಷೆ ಅಡ್ಡ ಬರದಿದ್ದರೆ.

ಆ ಹುಡುಗಿಯ ಪ್ಯಾಚ್ ಐದನೇ ಸಲಕ್ಕೆ ಮರ್ಜ್ ಆಯಿತು. ಈ ಸಲದ ಎಂಟು ಜನರಿಗೆ ಹೇಳಿಕೊಡೋಕೆ ಅವಳನ್ನೇ ಕಳಿಸಬಹುದು, ನನಗಿಂತ ಚೆನ್ನಾಗಿ ಹೇಳುತ್ತಾಳೆ. ಬೇಕಾದರೆ ತಿಳಿಸಿ, ಕೇಳಿ ನೋಡುತ್ತೇನೆ.

ಮತ್ತೆ, ಅಕೌಂಟ್ ಕೆಲಸ ಎಲ್ಲಾ ಮೊದಲ ಸಂಜೆಗೆ ಮುಂಚೆಯೇ ಮುಗಿಸಿರಿ. ಗೆರಿಟ್ ಒಳಗೆ ಹೋಗೋಕೆ ಉಬುಂಟು ಒನ್ ಲಾಗಿನ್ ಬೇಕು. ಗೆರಿಟ್‌ನ ಯೂಸರ್‌ನೇಮ್ ಒಂದು ಸಲ ಇಟ್ಟರೆ ಬದಲಾಯಿಸೋಕೆ ಬರುವುದಿಲ್ಲ, 'ಡೆವಿಲ್‌ಬಾಯ್' ಅಂತ ಇಟ್ಟುಕೊಂಡು ಆಮೇಲೆ ಒದ್ದಾಡಿದ ಒಬ್ಬನನ್ನ ನೋಡಿದ್ದೇನೆ. ಗಿಟ್‌ನಲ್ಲಿ ಕೊಟ್ಟ ಇಮೇಲ್ ಮತ್ತು ಗೆರಿಟ್‌ನಲ್ಲಿರೋ ಇಮೇಲ್ ಒಂದೇ ಇರಲಿ, ಇಲ್ಲದಿದ್ದರೆ ಪ್ಯಾಚ್ ಒಳಗೇ ಬಿಡೋದಿಲ್ಲ. ಇನ್ನು ನಿಮ್ಮ ಲ್ಯಾಬ್ ನೋಡಿಕೊಳ್ಳೋರನ್ನ ಇವತ್ತೇ ಕೇಳಿ, 29418 ಅನ್ನೋ ಪೋರ್ಟ್ ತೆರೆದಿದೆಯಾ ಅಂತ. ಗೆರಿಟ್‌ಗೆ ಎಸ್‌ಎಸ್‌ಎಚ್ ಹೋಗೋದು ಅದರಲ್ಲೇ, ಕಾಲೇಜಿನ ಫೈರ್‌ವಾಲ್‌ಗಳು ಅದನ್ನ ಮುಚ್ಚಿರೋದೇ ಜಾಸ್ತಿ. ತೆರೆಯೋಕೆ ಒಪ್ಪದಿದ್ದರೆ ಎಚ್‌ಟಿಟಿಪಿಎಸ್ ದಾರಿ ಇದೆ, ಗೆರಿಟ್ ಸೆಟ್ಟಿಂಗ್ಸ್‌ನಲ್ಲಿ ಪಾಸ್‌ವರ್ಡ್ ಒಂದು ಮಾಡಿಕೊಂಡು, ಗೆರಿಟ್ ಅನ್ನೋ ರಿಮೋಟಿಗೆ ಆ ವಿಳಾಸ ಕೊಟ್ಟರೆ ಆಯಿತು.